ಸುರಿಯುವ ಕೊಡಗಿನಲ್ಲಿ ಸೋರುವ ಕ್ಯಾರವಾನ್: ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗಿನಲ್ಲಿ ಕ್ಯಾರವಾನ್, ಅಂದರೆ ಒಳಗೇ ಮಲಗಿ ಅಡುಗೆ ಮಾಡಿಕೊಳ್ಳಬಹುದಾದ ಗಾಡಿ, ಇಟ್ಟುಕೊಂಡವರು ಹಲವು ಬಗೆ. ಹೋಂಸ್ಟೇ ಅಂಗಳದಲ್ಲಿ ಬಾಡಿಗೆಗೆ ನಿಲ್ಲಿಸಿದವರು, ಸೇನೆಯಿಂದ ನಿವೃತ್ತರಾಗಿ ದೇಶ ಸುತ್ತಲು ಹೊರಟವರು, ಕಾಫಿಗೆ ಒಳ್ಳೆಯ ದರ ಬಂದ ವರ್ಷ ಆಸೆಪಟ್ಟು ಮಾಡಿಸಿದವರು. ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು.

ಹೊಸ ಗಾಡಿ ಮೊದಲ ಮಳೆಗಾಲಕ್ಕೇ ಸೋರಿತು. ನನ್ನ ಹಣೆಬರಹವೋ, ಎಲ್ಲರದೂ ಹೀಗೆಯೋ?

ಎಲ್ಲರದೂ ಹೀಗಿಲ್ಲ. ಆದರೆ ನೀವು ಒಂಟಿಯೂ ಅಲ್ಲ. ಕ್ಯಾರವಾನ್ ಎಂದರೆ ಚಾವಣಿಗೆ ಹತ್ತಾರು ತೂತು ಕೊರೆದ ವಾಹನ. ಏಸಿಗೊಂದು, ಗಾಳಿಕಿಂಡಿಗೊಂದು, ಸೌರಫಲಕದ ಚೌಕಟ್ಟಿಗೆ ನಾಲ್ಕಾರು, ಕೇಬಲ್‌ಗೊಂದು, ಹಿಂಬದಿಯ ಏಣಿಗೆ ಇನ್ನಷ್ಟು. ಪ್ರತಿ ತೂತನ್ನೂ ಅಂಟು ಹಾಕಿ ಮುಚ್ಚಿರುತ್ತಾರೆ. ಆ ಅಂಟು ಹಾಕಿದವನು ಬಿಸಿಲಿನ ಊರಿನ ಶೆಡ್ಡಿನಲ್ಲಿ ಕೆಲಸ ಮಾಡಿದವನು. ಭಾಗಮಂಡಲದ ಜುಲೈ ತಿಂಗಳು ಹೇಗಿರುತ್ತದೆ ಎಂಬ ಅಂದಾಜು ಅವನಿಗಿರುವುದಿಲ್ಲ. ಬೇರೆ ಕಡೆ ಮೂರು ವರ್ಷಕ್ಕೆ ಹೊರಬೀಳುವ ಕಳಪೆ ಕೆಲಸ ನಮ್ಮಲ್ಲಿ ಮೂರು ವಾರಕ್ಕೇ ಹೊರಬೀಳುತ್ತದೆ.

ಹಿಂದಿನ ಗಾಡಿಗಳು ಗಟ್ಟಿ, ಈಗಿನವು ಬರೀ ತೋರಿಕೆ ಎನ್ನುತ್ತಾರೆ. ನಿಜವೇ?

ಹಳೆಯದೆಲ್ಲ ಚಿನ್ನ ಎಂದು ನಾನು ಹೇಳುವುದಿಲ್ಲ. ಹಿಂದೆ ಗಾಡಿಯೊಳಗೆ ಇದ್ದದ್ದೇ ಕಡಿಮೆ: ಒಂದು ಮಂಚ, ಒಂದು ಒಲೆ, ಒಂದು ದೀಪ. ಕೆಡಲು ಏನೂ ಇರಲಿಲ್ಲ. ಈಗ ಅದೇ ಉದ್ದದ ಗಾಡಿಯಲ್ಲಿ ಶೌಚಾಲಯ, ಷವರ್, ಮೈಕ್ರೋವೇವ್, ಟಿವಿ, ಬಣ್ಣ ಬದಲಿಸುವ ದೀಪದ ಸಾಲು ಎಲ್ಲವೂ ಬೇಕು. ಒಳಗಿನ ಸಾಮಾನು ಹೆಚ್ಚಿದಷ್ಟು ಕೆಲಸಗಾರನಿಗೆ ಕೊಡುವ ದಿನಗಳು ಹೆಚ್ಚಿಲ್ಲ.

ಗ್ರಾಹಕರ ಪಾಲೂ ಇದರಲ್ಲಿದೆ. ಷೋರೂಮಿಗೆ ಹೋದವರು ಕೈಯಾಡಿಸುವುದು ಕೌಂಟರಿನ ಮೇಲೆ, ಕೂತು ನೋಡುವುದು ಸೋಫಾದ ಮೇಲೆ. ಏಣಿ ತರಿಸಿ ಚಾವಣಿ ಹತ್ತಿದವರನ್ನು ನಾನು ಕಂಡಿಲ್ಲ. ಕಣ್ಣಿಗೆ ಬೀಳುವ ಕಡೆ ಹಣ ಸುರಿದು, ಬೀಳದ ಕಡೆ ಉಳಿಸುವುದು ವ್ಯಾಪಾರಕ್ಕೆ ಸಹಜ. ಹೊಳೆಯುವ ಲ್ಯಾಮಿನೇಟ್ ಅಡಿಯಲ್ಲಿ ಮರದ ಪುಡಿ ಒತ್ತಿ ಮಾಡಿದ ಅಗ್ಗದ ಪಾರ್ಟಿಕಲ್ ಬೋರ್ಡ್ ಇರುತ್ತದೆ, ನೀರು ತಾಗಿದ ಕೂಡಲೇ ಅದು ರವೆಯಂತೆ ಉದುರುತ್ತದೆ.

ಇದು ನಮ್ಮ ದೇಶದ ರೋಗವೇ? ಅಮೆರಿಕದಲ್ಲಿ ಚೆನ್ನಾಗಿ ಮಾಡುತ್ತಾರಂತಲ್ಲ?

ಅಲ್ಲಿನ ಮಾಲೀಕರ ಗೋಳು ಕೇಳಿದರೆ ನಿಮ್ಮದು ಸಣ್ಣದೆನಿಸಬಹುದು. ಅಮೆರಿಕದ ಕ್ಯಾರವಾನ್‌ಗಳಲ್ಲಿ ಬಹುಪಾಲು ತಯಾರಾಗುವುದು ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಎಂಬ ಊರಿನ ಸುತ್ತಮುತ್ತ. ಥಾರ್, ಫಾರೆಸ್ಟ್ ರಿವರ್, ವಿನ್ನೆಬಾಗೊ ಎಂಬ ಮೂರು ಕಂಪನಿಗಳ ಕೈಯಲ್ಲೇ ಮಾರುಕಟ್ಟೆಯ ದೊಡ್ಡ ಪಾಲಿದೆ. ಬೇರೆ ಬೇರೆ ಹೆಸರಿನ ಎಷ್ಟೋ ಗಾಡಿಗಳ ಒಡೆತನ ಹೋಗಿ ಸೇರುವುದು ಇವುಗಳಿಗೇ. ಜೇಕೋ ಕಂಪನಿಯನ್ನು ಥಾರ್ 2016ರಲ್ಲಿ ಕೊಂಡಿತು, ಜರ್ಮನಿಯ ಎರ್ವಿನ್ ಹೈಮರ್ ಸಮೂಹವನ್ನು 2019ರಲ್ಲಿ ತನ್ನದಾಗಿಸಿಕೊಂಡಿತು.

ಅಲ್ಲಿನ ಬಹಳಷ್ಟು ಕಾರ್ಖಾನೆಗಳಲ್ಲಿ ಕೂಲಿ ಗಂಟೆಯ ಲೆಕ್ಕದಲ್ಲಿಲ್ಲ, ಮುಗಿಸಿದ ಗಾಡಿಗಳ ಲೆಕ್ಕದಲ್ಲಿದೆ. ದಿನದ ಗುರಿ ಮುಗಿದರೆ ಮಧ್ಯಾಹ್ನಕ್ಕೇ ಮನೆಗೆ ಹೋಗಬಹುದು. ಕಿಲೋ ಲೆಕ್ಕದಲ್ಲಿ ಕಾಫಿ ಕುಯ್ಯಿಸಿದವರಿಗೆ ಮುಂದಿನದನ್ನು ವಿವರಿಸಬೇಕಾಗಿಲ್ಲ. ಹಣ್ಣಿನ ಜೊತೆ ಕಾಯಿಯೂ ಚೀಲ ಸೇರುತ್ತದೆ. ಕೋವಿಡ್ ಕಾಲದಲ್ಲಿ ಎಲ್ಲರಿಗೂ ಗಾಡಿ ಬೇಕಾಯಿತು. 2021ರಲ್ಲಿ ಆರು ಲಕ್ಷಕ್ಕೂ ಹೆಚ್ಚು ಗಾಡಿಗಳು ಕಾರ್ಖಾನೆಗಳಿಂದ ಹೊರಟವು, ಅದು ದಾಖಲೆ. 2023ರ ಹೊತ್ತಿಗೆ ಸಂಖ್ಯೆ ಸುಮಾರು 3.13 ಲಕ್ಷಕ್ಕೆ ಕುಸಿಯಿತು. ಕೋವಿಡ್ ಕಾಲದ ಅವಸರದಲ್ಲಿ ಕೊಂಡ ಎಷ್ಟೋ ಮಂದಿ ಸರ್ವಿಸ್ ಸೆಂಟರ್‌ಗಳ ಬಾಗಿಲು ಕಾಯಬೇಕಾಯಿತು. ದೋಷಪೂರಿತ ಹೊಸ ಕಾರನ್ನು ಹಿಂದಿರುಗಿಸಲು ಅಲ್ಲಿ ಕಾನೂನಿದೆ, ಆದರೆ ಅನೇಕ ರಾಜ್ಯಗಳಲ್ಲಿ ಗಾಡಿಯ ವಾಸದ ಭಾಗ ಅದರ ವ್ಯಾಪ್ತಿಗೆ ಬರುವುದಿಲ್ಲ. ಎಂಜಿನ್ ಕೆಟ್ಟರೆ ದಾರಿಯಿದೆ, ಚಾವಣಿ ಸೋರಿದರೆ ಇಲ್ಲ.

ಒಳಗೋಡೆಯ ಮೇಲೆ ನೀರಿದೆ. ಸೋರಿಕೆಯೋ, ಬೆವರೋ?

ಮೊದಲು ಇದನ್ನು ತೀರ್ಮಾನಿಸಿಕೊಳ್ಳಿ. ಇಲ್ಲದಿದ್ದರೆ ಚಾವಣಿಯ ಮೇಲೆಲ್ಲ ಅಂಟು ಬಳಿದರೂ ಗೋಡೆ ಒದ್ದೆಯಾಗಿಯೇ ಇರುತ್ತದೆ.

ಬಾಗಿಲು, ಕಿಟಕಿ ಮುಚ್ಚಿ ಇಬ್ಬರು ರಾತ್ರಿ ಮಲಗಿದರೆ ಉಸಿರು ಮತ್ತು ಮೈಬೆವರಿನಿಂದಲೇ ಅರ್ಧ ಲೀಟರಿಗೂ ಹೆಚ್ಚು ನೀರು ಒಳಗಿನ ಗಾಳಿಗೆ ಸೇರುತ್ತದೆ. ಗ್ಯಾಸ್ ಒಲೆಯದು ಇನ್ನೂ ದೊಡ್ಡ ಲೆಕ್ಕ: ಒಂದು ಕಿಲೋ ಎಲ್‌ಪಿಜಿ ಉರಿದರೆ ಸುಮಾರು 1.6 ಕಿಲೋ ನೀರಾವಿ ಹುಟ್ಟುತ್ತದೆ. ಮಡಿಕೇರಿಯ ಚಳಿಗೆ ತಣ್ಣಗಾದ ಗಾಜು, ಕಬ್ಬಿಣದ ಕಂಬಿ, ಸ್ಕ್ರೂ ತಲೆ ಇವುಗಳ ಮೇಲೆ ಅದು ಹನಿಗಟ್ಟುತ್ತದೆ. ಬೆಳಗ್ಗೆ ಮಾತ್ರ ಕಾಣಿಸಿಕೊಂಡು, ಎಲ್ಲ ತಣ್ಣನೆಯ ಜಾಗಗಳಲ್ಲೂ ಹರಡಿಕೊಂಡಿದ್ದರೆ ಅದು ಬೆವರು. ಎರಡು ಕಿಟಕಿಗಳನ್ನು ಎದುರುಬದುರಾಗಿ ಬೆರಳಗಲ ತೆರೆದಿಟ್ಟು ಮಲಗಿದರೆ ಅರ್ಧ ಪರಿಹಾರ.

ಮಳೆ ಬಂದಾಗ ಮಾತ್ರ, ಒಂದೇ ಮೂಲೆಯಲ್ಲಿ, ಕಂದು ಬಣ್ಣದ ಅಂಚಿನ ಕಲೆಯಾಗಿ ಕಾಣಿಸಿದರೆ ಅದು ಸೋರಿಕೆ.

ಒದ್ದೆಯಾದ ಜಾಗದ ನೇರ ಮೇಲೆಯೇ ತೂತಿರುತ್ತದೆಯೇ?

ಸಾಮಾನ್ಯವಾಗಿ ಇರುವುದಿಲ್ಲ. ನೀರು ಚೌಕಟ್ಟಿನ ಕಂಬಿ ಹಿಡಿದು, ವೈರಿನ ಮೈ ಹಿಡಿದು ದೂರ ಹೋಗಿ ಇಳಿಯುತ್ತದೆ. ಗಾಡಿ ಇಳಿಜಾರಿನಲ್ಲಿ ನಿಂತಿದ್ದರಂತೂ (ನಮ್ಮಲ್ಲಿ ಸಮತಟ್ಟು ಜಾಗವೆಂದರೆ ಕಣ ಒಂದೇ) ಮುಂದಿನ ಗಾಳಿಕಿಂಡಿಯ ನೀರು ಹಿಂದಿನ ಮಂಚಕ್ಕೆ ಬರುತ್ತದೆ.

ಹುಡುಕಲು ಒಂದು ಉಪಾಯವಿದೆ. ಕಿಟಕಿಯೊಂದಕ್ಕೆ ರಟ್ಟು ಕಟ್ಟಿ, ಅದರ ನಡುವೆ ಬ್ಲೋವರ್ ಇಟ್ಟು ಒಳಕ್ಕೆ ಗಾಳಿ ಊದಿಸಿ. ಉಳಿದ ಕಿಂಡಿಗಳನ್ನೆಲ್ಲ ಟೇಪಿನಿಂದ ಮುಚ್ಚಿರಿ. ಹೊರಗಿನಿಂದ ಸೋಪಿನ ನೀರನ್ನು ಸಂದುಗಳ ಮೇಲೆ ಬ್ರಷ್ಷಿನಿಂದ ಹಚ್ಚುತ್ತಾ ಹೋಗಿ. ಎಲ್ಲಿ ಗುಳ್ಳೆ ಏಳುತ್ತದೋ ಅಲ್ಲಿ ದಾರಿಯಿದೆ. ಗಾಳಿ ಹೊರಬರುವ ಸಂದಿನಿಂದಲೇ ನೀರು ಒಳಹೋಗುವುದು.

ಇನ್ನೊಂದು ನಂಬಿಕೆಯ ಸಾಕ್ಷಿ ಹಿಂಬದಿಯ ಏಣಿಯ ಸ್ಕ್ರೂ. ಒಂದನ್ನು ಬಿಚ್ಚಿ ಅಂಗೈಯಲ್ಲಿಟ್ಟು ನೋಡಿ. ಹೊಳಪಾಗಿ, ಒಣಗಿದ ಮರದ ಪುಡಿಯೊಂದಿಗೆ ಬಂದರೆ ನೆಮ್ಮದಿ. ಎಳೆಗಳ ತುಂಬ ತುಕ್ಕು ಹಿಡಿದು, ನಡುವೆ ಕಪ್ಪಗೆ ಮೆತ್ತಗಾದ ಪ್ಲೈವುಡ್ ಮೆತ್ತಿಕೊಂಡು, ಮೂಗಿಗೆ ಹಿಡಿದರೆ ಕೊಳೆತ ಎಲೆಯ ವಾಸನೆ ಬಂದರೆ ನೀರು ಬಹಳ ದಿನಗಳಿಂದ ಅಲ್ಲಿ ಬೀಡುಬಿಟ್ಟಿದೆ. ಆ ಸ್ಕ್ರೂವನ್ನು ಬಿಗಿಮಾಡಲು ಹೋದರೆ ಹಿಡಿತವಿಲ್ಲದೆ ಸುಮ್ಮನೆ ತಿರುಗುತ್ತದೆ.

ಕಾಫಿಯ ತೇವಾಂಶ ಅಳೆಯುವ ಮೀಟರ್ ಇದಕ್ಕೆ ಬರುತ್ತದೆಯೇ?

ಬರುವುದಿಲ್ಲ. ಅದು ಬೀಜ ತುಂಬಿ ನೋಡುವ ಬಟ್ಟಲಿನ ಮೀಟರ್. ಮರಕ್ಕೆ ಎರಡು ಸೂಜಿ ಚುಚ್ಚಿ ನೋಡುವ ಬೇರೆ ಮೀಟರ್ ಸಿಗುತ್ತದೆ, ದುಬಾರಿಯೇನಲ್ಲ.

ಆದರೆ ಅದನ್ನು ಓದುವಾಗ ಎಚ್ಚರ. ಮರದ ತೇವ ಶೇ 20 ದಾಟಿದರೆ ಅಪಾಯ ಎಂದು ಎಲ್ಲೆಡೆ ಬರೆದಿರುತ್ತದೆ. ಕಾಫಿಯನ್ನು ಶೇ 10-11ಕ್ಕೆ ಒಣಗಿಸಿ ಅಭ್ಯಾಸವಾದ ನಮಗೆ 18 ಎಂದು ಕಂಡರೂ ಎದೆ ಹೊಡೆದುಕೊಳ್ಳುತ್ತದೆ. ಗಾಳಿಯಲ್ಲಿ ತೇವಾಂಶ ಶೇ 90ರಷ್ಟಿದ್ದರೆ ಎಲ್ಲೂ ಸೋರದ ಮರವೂ ತಾನಾಗಿಯೇ ಶೇ 20ರ ಹತ್ತಿರಕ್ಕೆ ಬರುತ್ತದೆ. ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್‌ನ ಜೋರು ಮಳೆಯ ಕಾಲ) ನಿಮ್ಮ ಮನೆಯ ಬಾಗಿಲಿಗೆ ಚುಚ್ಚಿದರೂ ಅಷ್ಟೇ ತೋರಿಸೀತು. ಆದ್ದರಿಂದ ಮಳೆಗಾಲದಲ್ಲಿ ಅಂಕಿ ನೋಡಬೇಡಿ, ಅಂತರ ನೋಡಿ. ಗಾಡಿಯ ನಡುಭಾಗದ ಒಳ್ಳೆಯ ಜಾಗದಲ್ಲಿ ಒಂದು ಸಲ, ಅನುಮಾನದ ಮೂಲೆಯಲ್ಲಿ ಒಂದು ಸಲ ಚುಚ್ಚಿ. ಎರಡೂ 18 ಎಂದರೆ ಅದು ಕೊಡಗಿನ ಹವೆ. ಒಂದು 18, ಇನ್ನೊಂದು 28 ಎಂದರೆ ಸೋರಿಕೆ.

ಅಂಗಡಿಯಲ್ಲಿ ಸಿಲಿಕೋನ್ ಟ್ಯೂಬ್ ಸಿಗುತ್ತದೆ. ಅದನ್ನೇ ಬಳಿದರೆ ಸಾಲದೇ?

ದಯವಿಟ್ಟು ಬೇಡ. ಬಾತ್‌ರೂಮಿನ ಸಿಲಿಕೋನ್ ಓಡುವ ಗಾಡಿಯ ಅಲುಗಾಟಕ್ಕೆ ಕೆಲವೇ ತಿಂಗಳಲ್ಲಿ ಅಂಚು ಬಿಡುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಮುಂದಿದೆ: ಒಮ್ಮೆ ಸಿಲಿಕೋನ್ ಬಿದ್ದ ಜಾಗದಲ್ಲಿ ಬೇರೆ ಯಾವ ಅಂಟೂ ಸರಿಯಾಗಿ ಹಿಡಿಯುವುದಿಲ್ಲ, ಇನ್ನೊಂದು ಪದರ ಸಿಲಿಕೋನ್ ಕೂಡ. ಹುಳಿ ವಾಸನೆಯ ಅಗ್ಗದ ಬಗೆಯಂತೂ ತಗಡಿಗೇ ತುಕ್ಕು ಹಿಡಿಸುತ್ತದೆ.

ಸರಿಯಾದ ಕ್ರಮಕ್ಕೆ ತಾಳ್ಮೆ ಬೇಕು. ಗಾಳಿಕಿಂಡಿಯನ್ನೋ ಏಣಿಯನ್ನೋ ಪೂರ್ತಿ ಬಿಚ್ಚಿ. ಹಳೆಯ ಅಂಟನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು ತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ. ಅಡಿಯಲ್ಲಿ ಬ್ಯುಟೈಲ್ ಟೇಪ್ (ಮೆತ್ತನೆಯ ಅಂಟು ರಬ್ಬರ್ ಪಟ್ಟಿ) ಕೂರಿಸಿ, ಮೇಲೆ ಬಿಗಿದು, ಅಂಚಿಗೆ ಪಾಲಿಯುರೆಥೇನ್ ಸೀಲೆಂಟ್ (ಸಂದು ಮುಚ್ಚುವ ಅಂಟು) ಎಳೆಯಿರಿ. ಚಾವಣಿ ರಬ್ಬರ್ ಹಾಳೆಯದ್ದಾದರೆ ಅದಕ್ಕೆ ಹೊಂದುವ ಅಂಟೇ ಬೇಕು. ಮೇಲಿಂದ ಮೇಲೆ ಬಳಿಯುತ್ತಾ ಹೋದ ಚಾವಣಿಗಳಲ್ಲಿ ಅಂಟಿನ ಗುಡ್ಡವೇ ನೀರು ಹರಿದುಹೋಗದಂತೆ ಕಟ್ಟೆ ಕಟ್ಟಿರುತ್ತದೆ.

ಈ ಕೆಲಸ ಯಾವಾಗ ಮಾಡಿಸಬೇಕು?

ಪುತ್ತರಿ (ನವೆಂಬರ್-ಡಿಸೆಂಬರ್‌ನ ನಮ್ಮ ಸುಗ್ಗಿ ಹಬ್ಬ) ಕಳೆದ ಮೇಲೆ, ಕಾಫಿ ಹೂ ಅರಳಿಸುವ ಹೂಮಳೆಗೆ ಮೊದಲು. ಆಗ ಮರ ಒಣಗಿರುತ್ತದೆ, ಅಂಟು ಹಿಡಿಯುತ್ತದೆ. ತೊಂದರೆಯೆಂದರೆ ಅದೇ ಕಾಫಿ ಕುಯ್ಲಿನ ಕಾಲ. ಕೂಲಿಯವರ ಹಿಂದೆ ಓಡುವವರಿಗೆ ಗಾಡಿಯ ಚಾವಣಿ ಹತ್ತಲು ಪುರುಸೊತ್ತೆಲ್ಲಿ? ರೋಬಸ್ಟಾ ಮುಗಿದ ಮೇಲೆ ನೋಡೋಣ ಎನ್ನುತ್ತಾರೆ. ಅಷ್ಟರಲ್ಲಿ ಮಾರ್ಚ್ ಬಂದು ಹೂಮಳೆಗೆ ಆಕಾಶ ನೋಡುತ್ತಾ ಕೂರುತ್ತಾರೆ, ನೋಡನೋಡುತ್ತಾ ಜೂನ್ ಬಂದುಬಿಡುತ್ತದೆ. ಜನವರಿಯಲ್ಲಿ ಎರಡು ಭಾನುವಾರ ಎತ್ತಿಡಿ. ಹೂಮಳೆ ಬಿದ್ದರೆ ಕಾಫಿಗೂ ಲಾಭ, ಅಂಟಿನ ಪರೀಕ್ಷೆಯೂ ಆಯಿತು.

ಜುಲೈನಲ್ಲೇ ಸೋರತೊಡಗಿದರೆ ಅಂಟು ಮುಟ್ಟಬೇಡಿ. ಒದ್ದೆ ಮರದ ಮೇಲೆ ಅಂಟು ಹಾಕುವುದೆಂದರೆ ನೀರನ್ನು ಒಳಗೇ ಬೀಗ ಹಾಕಿಟ್ಟಂತೆ. ಟಾರ್ಪಾಲು ಕಟ್ಟಿ, ಅಷ್ಟೇ. ಅದೂ ಮೈಗೆ ಅಂಟಿಕೊಳ್ಳದಂತೆ, ನಡುವೆ ಗಾಳಿ ಆಡುವಂತೆ.

ಹೊರಗೋಡೆ ಹಪ್ಪಳದ ಹಾಗೆ ಉಬ್ಬಿದೆ. ಸರಿಪಡಿಸಬಹುದೇ?

ಹೊರಗಿನ ಫೈಬರ್ ಹಾಳೆ, ಒಳಗಿನ ತೆಳು ಪ್ಲೈವುಡ್, ನಡುವಿನ ಥರ್ಮಾಕೋಲ್ ಬಗೆಯ ಫೋಮ್ ಇವು ಮೂರನ್ನೂ ಅಂಟಿನಿಂದ ಒಂದಾಗಿಸಿ ಗೋಡೆ ಮಾಡಿರುತ್ತಾರೆ. ನೀರು ಹೊಕ್ಕರೆ ಅಂಟು ಸಡಿಲಾಗಿ ಪದರ ಬಿಡುತ್ತದೆ. ಬೆರಳ ಗಂಟಿನಿಂದ ಗೋಡೆಯನ್ನು ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ಸದ್ದು ಇದ್ದಕ್ಕಿದ್ದಂತೆ ಪೊಳ್ಳಾಗುವ ಜಾಗಕ್ಕೆ ಪೆನ್ಸಿಲಿನಿಂದ ಗೆರೆ ಎಳೆಯಿರಿ. ತಿಂಗಳು ಬಿಟ್ಟು ಮತ್ತೆ ತಟ್ಟಿ. ಗೆರೆ ದಾಟಿ ಹರಡಿದ್ದರೆ ನೀರು ಇನ್ನೂ ಬರುತ್ತಿದೆ.

ಅಂಗೈಯಗಲದ ಉಬ್ಬಾದರೆ ಒಣಗಿಸಿ, ಎಪಾಕ್ಸಿ ಎಂಬ ಗಟ್ಟಿ ಅಂಟು ತೂರಿಸಿ, ಹಲಗೆಯಿಂದ ಒತ್ತಿ ಕೂರಿಸಬಹುದು. ಗೋಡೆಯ ಅರ್ಧದಷ್ಟಾದರೆ ಪದರವನ್ನೇ ಬದಲಿಸಬೇಕು. ಆ ಖರ್ಚು ಕೇಳಿದ ಮೇಲೆ ಅನೇಕರು ಉಬ್ಬಿನ ಮೇಲೆ ಕಾವೇರಿ ಮಾತೆಯ ಸ್ಟಿಕ್ಕರ್ ಅಂಟಿಸಿಕೊಂಡು ಓಡಾಡುತ್ತಾರೆ.

ವಾರಂಟಿ ಇದೆಯಲ್ಲ, ಅವರೇ ಮಾಡಿಕೊಡಬೇಕಲ್ಲವೇ?

ಯಾವ ವಾರಂಟಿ ಎಂದು ಮೊದಲು ನೋಡಿ. ಎಂಜಿನ್ ಮತ್ತು ಚಾಸಿಗೆ ವಾಹನ ಕಂಪನಿಯದು, ಮೇಲಿನ ಕಟ್ಟಡಕ್ಕೆ ಬಾಡಿ ಕಟ್ಟಿದವರದು, ಫ್ರಿಜ್, ಏಸಿ, ಇನ್ವರ್ಟರ್‌ಗಳಿಗೆ ಅವುಗಳ ತಯಾರಕರದು. ಬ್ಯಾಟರಿ ಇಳಿದರೆ ಒಬ್ಬರು ಇನ್ನೊಬ್ಬರತ್ತ ಕೈ ತೋರಿಸುತ್ತಾರೆ. ನನ್ನ ಗಾಡಿಯ ಹಿಂದಿನ ಕಿಟಕಿ ಸೋರಿದಾಗ ಬಾಡಿ ಕಟ್ಟಿದವರು ಹೇಳಿದ್ದು ‘ನಿಮ್ಮ ಕಡೆ ಮಳೆ ಜಾಸ್ತಿ ಸರ್’ ಎಂದು. ಮಳೆ ಜಾಸ್ತಿ ಎಂಬುದು ವಾರಂಟಿ ಪತ್ರದ ಹೊರಗಿಡುವ ಪಟ್ಟಿಯಲ್ಲಿ ಇರಲಿಲ್ಲ, ಆದ್ದರಿಂದ ಕೊನೆಗೆ ಮಾಡಿಕೊಟ್ಟರು.

ದೂರನ್ನು ಫೋನಿನಲ್ಲಿ ಹೇಳಿ ಸುಮ್ಮನಾಗಬೇಡಿ. ದಿನಾಂಕ ಕಾಣುವ ಫೋಟೊ, ಇಮೇಲ್, ರಿಜಿಸ್ಟರ್ಡ್ ಅಂಚೆ ಇರಲಿ. ಒಪ್ಪದಿದ್ದರೆ 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿ, ಕನ್ನಡದಲ್ಲೂ ಮಾತನಾಡಬಹುದು. ಮುಂದಿನ ಮೆಟ್ಟಿಲು ಗ್ರಾಹಕ ಆಯೋಗ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರಲ್ಲಿ ನಮ್ಮಂಥವರಿಗೆ ಉಪಯೋಗವಾದ ಬದಲಾವಣೆಯೆಂದರೆ ದೂರುದಾರ ವಾಸಿಸುವ ಊರಿನಲ್ಲೇ ದೂರು ಕೊಡಬಹುದು. ಗಾಡಿ ಎಲ್ಲಿಯೇ ಕಟ್ಟಿಸಿರಲಿ, ಮಡಿಕೇರಿಯಲ್ಲೇ ಪ್ರಕರಣ ಹಾಕಬಹುದು. ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಆಯೋಗವೇ ಸಾಕು. ತಕರಾರು ಹುಟ್ಟಿದ ಎರಡು ವರ್ಷದೊಳಗೆ ಹೋಗಬೇಕು.

ಹಾಗೆಂದು ತೀರ್ಪು ಬರುವವರೆಗೆ ಗಾಡಿಯನ್ನು ಮಳೆಗೆ ಬಿಡಬೇಡಿ. ದೋಷ ದಾಖಲಿಸಿ, ನೋಟಿಸ್ ಕೊಟ್ಟು, ಹೆಚ್ಚು ಹಾಳಾಗದಂತೆ ತಡೆಯಿರಿ. ಆ ಖರ್ಚಿನ ರಸೀದಿಯೂ ಮುಂದೆ ಕೆಲಸಕ್ಕೆ ಬರುತ್ತದೆ.

ಕೊಳ್ಳುವ ಮೊದಲೇ ಹೇಗೆ ಪರೀಕ್ಷಿಸುವುದು?

ಕೊನೆಯ ಕಂತು ಕೈಯಲ್ಲಿಟ್ಟುಕೊಂಡು ಹೋಗಿ. ಹೋದ ಕೂಡಲೇ ಹೋಸ್ ಪೈಪ್ ಕೇಳಿ. ಚಾವಣಿಯ ಸಂದುಗಳ ಮೇಲೆ, ಕಿಟಕಿಗಳ ಮೇಲಂಚಿನ ಮೇಲೆ ಅರ್ಧ ಗಂಟೆಯಾದರೂ ನೀರು ಹರಿಸಿ, ಒಳಗೊಬ್ಬರು ಟಾರ್ಚ್ ಹಿಡಿದು ಕಪಾಟುಗಳ ಮೂಲೆ ನೋಡುತ್ತಿರಲಿ. ಪ್ರೆಷರ್ ವಾಷರ್ ಮಾತ್ರ ಬೇಡ, ಒಳ್ಳೆಯ ಸಂದನ್ನೂ ಅದು ಕೀಳುತ್ತದೆ. ನೀರಿನ ಟ್ಯಾಂಕ್ ತುಂಬಿಸಿ, ಪಂಪ್ ಹಾಕಿ, ನಲ್ಲಿಗಳನ್ನೆಲ್ಲ ಮುಚ್ಚಿ ಕಿವಿಗೊಡಿ. ಯಾರೂ ನೀರು ಬಳಸದಿದ್ದರೂ ಪಂಪ್ ಆಗಾಗ ಗುರ್ ಎಂದರೆ ಪೈಪ್ ಎಲ್ಲೋ ಸೋರುತ್ತಿದೆ. ಒಂದು ರಾತ್ರಿ ಅವರ ಅಂಗಳದಲ್ಲೇ ಮಲಗುತ್ತೇನೆ ಎನ್ನಿ. ಒಪ್ಪದವರ ಹತ್ತಿರ ಕೊಳ್ಳಬೇಡಿ.

ವೈರಿಂಗ್ ನೋಡಿ ಏನು ತಿಳಿಯುತ್ತದೆ? ನನಗೆ ವಿದ್ಯುತ್ ವಿಷಯ ಗೊತ್ತಿಲ್ಲ.

ಕೈ ಅಳತೆಗೆ ಸಿಗುವ ಎರಡು ವಿಷಯ ಸಾಕು. 12 ವೋಲ್ಟ್ ಬ್ಯಾಟರಿಯಿಂದ 1000 ವಾಟ್ ಇನ್ವರ್ಟರ್ ಓಡಿದರೆ ಸುಮಾರು 100 ಆಂಪಿಯರ್ ಎಳೆಯುತ್ತದೆ. ಅದಕ್ಕೆ ಹೆಬ್ಬೆರಳು ಗಾತ್ರದ ಕೇಬಲ್ ಬೇಕು, ಬ್ಯಾಟರಿಯ ಬುಡದಲ್ಲೇ ಫ್ಯೂಸ್ ಬೇಕು. ಮಿಕ್ಸಿ ಓಡಿಸಿದ ಐದು ನಿಮಿಷದ ಮೇಲೆ ಕೇಬಲ್ ಮುಟ್ಟಿ ನೋಡಿ, ಬೆಚ್ಚಗಿದ್ದರೆ ಅದು ತೆಳುವಾಯಿತು. ಎರಡನೆಯದು, ತಗಡಿನ ತೂತಿನ ಮೂಲಕ ವೈರ್ ಹಾಯ್ದಲ್ಲೆಲ್ಲ ರಬ್ಬರ್ ಬಳೆ ಇದೆಯೇ ನೋಡಿ. ಇಲ್ಲದಿದ್ದರೆ ನಮ್ಮ ರಸ್ತೆಗಳ ಗುಂಡಿಗಳೇ ಆ ವೈರನ್ನು ಗರಗಸಕ್ಕೆ ಕೊಟ್ಟಂತೆ ಕೊಯ್ಯುತ್ತವೆ. ಬೆಂಕಿ ಆರಿಸುವ ಸಿಲಿಂಡರ್ ಬಾಗಿಲ ಬಳಿ ಇರಲಿ, ಮಂಚದ ಕೆಳಗಲ್ಲ.

ಗ್ಯಾಸ್ ಸಿಲಿಂಡರ್ ಎಲ್ಲಿಡಬೇಕು?

ನಿಲ್ಲಿಸಿ, ಬೆಲ್ಟಿನಿಂದ ಕಟ್ಟಿ, ಒಳಭಾಗಕ್ಕೆ ಸಂಬಂಧವಿಲ್ಲದ ಪ್ರತ್ಯೇಕ ಪೆಟ್ಟಿಗೆಯಲ್ಲಿ. ಎಲ್‌ಪಿಜಿ ಗಾಳಿಗಿಂತ ಭಾರ, ಆದ್ದರಿಂದ ಆ ಪೆಟ್ಟಿಗೆಯ ತಳದಲ್ಲಿ ಹೊರಗೆ ತೆರೆಯುವ ಕಿಂಡಿ ಇರಲೇಬೇಕು. ಗಾಳಿ ಒಳಬರುತ್ತದೆಂದು ಅದಕ್ಕೆ ಬಟ್ಟೆ ತುರುಕಿದವರಿದ್ದಾರೆ.

ಸಂಪಾಜೆ ಘಾಟಿ ಇಳಿಯುವಾಗ ಬ್ರೇಕ್ ವಾಸನೆ ಬರುತ್ತದೆ. ಇದೂ ತಯಾರಿಕೆಯ ದೋಷವೇ?

ಅರ್ಧ ದೋಷ ತೂಕದ್ದು. ಅಡುಗೆಕಟ್ಟೆ, ಫ್ರಿಜ್, ನೀರಿನ ಟ್ಯಾಂಕ್ ಮೂರನ್ನೂ ಒಂದೇ ಬದಿಗೆ ಕೂರಿಸಿದ ಗಾಡಿಗಳು ಎಷ್ಟೋ ಇವೆ. ನೂರು ಲೀಟರ್ ನೀರೆಂದರೆ ನೂರು ಕಿಲೋ. ಪ್ರವಾಸಕ್ಕೆ ಹೊರಡುವ ಹಾಗೆ ಪೂರ್ತಿ ತುಂಬಿಸಿಕೊಂಡು ವೇಬ್ರಿಡ್ಜ್‌ಗೆ ಹೋಗಿ. ಮುಂದಿನ ಗಾಲಿಗಳನ್ನು ಮಾತ್ರ, ಹಿಂದಿನವನ್ನು ಮಾತ್ರ, ಆಮೇಲೆ ಇಡೀ ಗಾಡಿಯನ್ನು ತೂಗಿಸಿ ಆರ್‌ಸಿಯಲ್ಲಿರುವ ಒಟ್ಟು ತೂಕದ ಮಿತಿಗೆ ಹೋಲಿಸಿ. ಮೀರಿದ್ದರೆ ಕೆಳಗಿಳಿಯುವ ಮೊದಲು ಟ್ಯಾಂಕ್ ಖಾಲಿ ಮಾಡಿ, ನೀರು ಸುಳ್ಯದಲ್ಲೂ ಸಿಗುತ್ತದೆ. ಉಳಿದರ್ಧ ಚಾಲಕನದು: ಹತ್ತುವ ಗೇರಿನಲ್ಲೇ ಇಳಿಯಬೇಕು.

ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಹುಡುಕಿ. 2319 ಎಂದಿದ್ದರೆ 2019ರ 23ನೇ ವಾರದ ತಯಾರಿಕೆ. ಕ್ಯಾರವಾನ್ ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು, ಹಾಗಾಗಿ ಟೈರಿನ ಮೇಲಿನ ಅಚ್ಚು ಸವೆಯದಿದ್ದರೂ ರಬ್ಬರ್ ಮುದಿಯಾಗುತ್ತದೆ. ಆರು ವರ್ಷ ದಾಟಿದರೆ ಬದಲಿಸಿ.

ಕಂಪನಿಗಳ ಸಹವಾಸವೇ ಬೇಡ. ನಮ್ಮೂರಿನ ವರ್ಕ್‌ಶಾಪಿನಲ್ಲೇ ವ್ಯಾನ್ ಒಂದನ್ನು ಕ್ಯಾರವಾನ್ ಮಾಡಿಸಿದರೆ?

ನಮ್ಮ ಜೀಪ್ ಮೇಸ್ತ್ರಿಗಳ ಕೈ ಬಗ್ಗೆ ನನಗೆ ಎರಡು ಮಾತಿಲ್ಲ. ಮಾಂದಲಪಟ್ಟಿಯ ದಾರಿಯಲ್ಲಿ ದಿನವೂ ಏರಿಳಿಯುವ ಜೀಪುಗಳನ್ನು ಓಡುವಂತೆ ಇಟ್ಟವರು ಅವರು. ದುರಸ್ತಿಗೆ ನಾನು ಹೋಗುವುದೂ ಅವರ ಹತ್ತಿರವೇ. ಆದರೆ ಹೊಸದಾಗಿ ಕಟ್ಟಿಸುವಾಗ ಕಾನೂನು ಅಡ್ಡ ಬರುತ್ತದೆ. ಮೋಟಾರು ವಾಹನಗಳ ಕಾಯ್ದೆ, 1988ರ 52ನೇ ಸೆಕ್ಷನ್ ಪ್ರಕಾರ ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತವಾಗಿ ಹೇಳಿತು. ಮೋಟಾರು ಕ್ಯಾರವಾನ್‌ಗಳಿಗೆಂದೇ ಎಐಎಸ್-124 ಎಂಬ ಮಾನದಂಡವಿದೆ. ಅದರಂತೆ ಅನುಮೋದನೆ ಪಡೆದು, ಆರ್‌ಸಿಯಲ್ಲಿ ಕ್ಯಾರವಾನ್ ಎಂದು ದಾಖಲಾದ ಗಾಡಿಯೇ ಸುರಕ್ಷಿತ. ಇಲ್ಲದಿದ್ದರೆ ಬೆಂಕಿ ಬಿದ್ದ ದಿನ ವಿಮಾ ಕಂಪನಿ ಮೊದಲು ನೋಡುವುದು ಅದನ್ನೇ. ಬಿಚ್ಚಿ ತೆಗೆಯಬಹುದಾದ ಮಂಚ, ಒಲೆ, ಪೆಟ್ಟಿಗೆಗಳಿಗೆ ತೃಪ್ತಿಪಟ್ಟರೆ ಈ ತಲೆನೋವು ಬಹಳ ಕಡಿಮೆ, ಸೋರಲು ತೂತುಗಳೂ ಕಡಿಮೆ.

ಮಳೆಗಾಲದ ನಾಲ್ಕು ತಿಂಗಳು ನಿಲ್ಲಿಸಿಡುವುದು ಹೇಗೆ?

ಶೆಡ್ಡಿನಲ್ಲಿ. ಗೊಬ್ಬರದ ಚೀಲಗಳನ್ನು ಬೇರೆ ಕಡೆ ಸಾಗಿಸಿಯಾದರೂ ಸರಿ. ಸಿಲ್ವರ್ ಓಕ್ ಮರದ ಕೆಳಗಂತೂ ಬೇಡವೇ ಬೇಡ, ಗಾಳಿಗೆ ಕೊಂಬೆ ಮುರಿದು ಬೀಳುವ ಮರ ಅದು. ಹಾಸಿಗೆಗಳನ್ನು ಮನೆಯೊಳಕ್ಕೆ ತನ್ನಿ, ಕಪಾಟುಗಳ ಬಾಗಿಲು ತೆರೆದಿಡಿ, ಫ್ರಿಜ್ಜಿನ ಬಾಗಿಲಿಗೆ ಕೋಲು ಕೊಡಿ. ತೇವ ಹೀರಲು ಇಡುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿಗಳು ಗಾಡಿಯ ಬಾಗಿಲು ಕಿಟಕಿ ಬಿಗಿಯಾಗಿ ಮುಚ್ಚಿದ್ದರೆ ಮಾತ್ರ ಕೆಲಸ ಮಾಡುತ್ತವೆ. ಕಿಟಕಿ ತೆರೆದಿಟ್ಟರೆ ಇಡೀ ಕೊಡಗಿನ ತೇವವನ್ನು ಹೀರಲು ಹೊರಟಂತೆ. ಬಿಸಿಲು ಕಂಡ ದಿನ ಎಲ್ಲವನ್ನೂ ತೆರೆಯಿರಿ.

ಬೂಷ್ಟು ಹಿಡಿದ ಕುಷನ್ ತೊಳೆದರೆ ಹೋಗುತ್ತದೆಯೇ?

ಬಟ್ಟೆಯದು ಹೋಗುತ್ತದೆ, ಒಳಗಿನ ಫೋಮಿನದು ಹೋಗುವುದಿಲ್ಲ. ಫೋಮ್ ಬದಲಿಸಿ.

ಬೇಸತ್ತು ಹೋಗಿದೆ. ಮಾರಿಬಿಡಲೇ?

ಮಾರುವುದಾದರೆ ಮಳೆಗಾಲಕ್ಕೆ ಮುಂಚೆ ಅವಸರದಲ್ಲಿ ಯಾರ ತಲೆಗಾದರೂ ಕಟ್ಟಬೇಡಿ. ನಮ್ಮದು ಸಣ್ಣ ಜಿಲ್ಲೆ, ಕೊಂಡವರು ಮುಂದಿನ ಮದುವೆಯೂಟದಲ್ಲಿ ನಿಮ್ಮ ಎದುರಿನ ಎಲೆಗೇ ಕೂರುತ್ತಾರೆ. ಸೋರಿದ್ದ ಜಾಗ, ಬಿಚ್ಚಿ ಮಾಡಿಸಿದ ಕೆಲಸದ ಫೋಟೊ, ರಸೀದಿ ಎಲ್ಲವನ್ನೂ ಒಂದು ಕಡತದಲ್ಲಿಟ್ಟು ತೋರಿಸಿ. ಸೋರಿಯೇ ಇಲ್ಲ ಎಂದು ಹೇಳುವ ಮಾಲೀಕನಿಗಿಂತ ಎಲ್ಲಿ ಸೋರಿತ್ತು, ಹೇಗೆ ನಿಲ್ಲಿಸಿದೆ ಎಂದು ಹೇಳುವವನಿಗೆ ನಾನಾದರೆ ಹತ್ತಿಪ್ಪತ್ತು ಸಾವಿರ ಹೆಚ್ಚು ಕೊಡುತ್ತೇನೆ. ಸೆಪ್ಟೆಂಬರ್ ಕೊನೆಯಲ್ಲಿ, ಮಳೆಗಾಲ ದಾಟಿದ ಗಾಡಿಯಾಗಿ ಮಾರುಕಟ್ಟೆಗೆ ಬಿಡಿ. ದಸರೆಯ ಪ್ರವಾಸಿಗರ ಕಾಲಕ್ಕೆ ಬಾಡಿಗೆಗೆ ಗಾಡಿ ಹುಡುಕುವ ಹೋಂಸ್ಟೇ ಮಾಲೀಕರು ಆಗ ವಿಚಾರಿಸಲು ಶುರುಮಾಡುತ್ತಾರೆ.